ಬ್ಯಾರಲ್ ಮೇಲಿನ ದೊಡ್ಡ ಹೆಸರನ್ನು ನಂಬಬೇಡಿ: ಚೀನಾ ರೈಫಲ್ ಗುರುತಿಸುವ ಬಗೆ

ಅಮೆರಿಕದಲ್ಲಿರುವ ನಮ್ಮ ಚಿಕ್ಕಪ್ಪನ ಮಗ ಒಂದು ಹಳೇ ರೈಫಲ್ ಕೊಂಡು ಫೋಟೋ ಕಳಿಸಿದ. ‘ಅಣ್ಣಾ, ಅಮೆರಿಕದ್ದೇ ಮಾಲು, ಬ್ಯಾರಲ್ ಮೇಲೆ ಇಲ್ಲಿನ ಊರಿನ ಹೆಸರೇ ಇದೆ ನೋಡು’ ಅಂದ. ನೋಡಿದೆ. ಅಪ್ಪಟ ಚೀನಾದ್ದು. ನಗು ಬಂತು, ಯಾಕಂದ್ರೆ ಇದೇ ತಪ್ಪನ್ನು ನಾನು ಎಷ್ಟೋ ವರ್ಷ ನಮ್ಮ ಅಜ್ಜನ ಜೋಡುನಳಿಗೆ ಕೋವಿಯ ವಿಷಯದಲ್ಲಿ ಮಾಡಿದ್ದೆ.

ಆ ಕೋವಿಯ ಮೇಲೆ ಕಲ್ಕತ್ತಾದ ಒಂದು ಅಂಗಡಿಯ ಹೆಸರು ಚಂದವಾಗಿ ಕೆತ್ತಿದೆ. ಅಲ್ಲೇ ಮಾಡಿದ್ದು ಅಂತ ಮನೆಮಂದಿಯೆಲ್ಲ ನಂಬಿದ್ದೆವು. ಒಂದು ವರ್ಷ ನಮ್ಮ ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಮೊದಲು, ಕೋವಿಗೆ ತೋಕ್ ಪೂ ಅನ್ನೋ ಹೂವು ಸಿಕ್ಕಿಸಿ ಪೂಜೆಗೆ ಇಡುವ ಮುಂಚೆ ಒರೆಸೋಣ ಅಂತ ನಳಿಗೆ ಬಿಚ್ಚಿದಾಗ, ಕೆಳಗಡೆ ಸಣ್ಣ ಮೊಟ್ಟೆಯಾಕಾರದ ಮುದ್ರೆ ಕಂಡಿತು. ಒಳಗೆ ಇ, ಎಲ್, ಜಿ ಅಂತ ಮೂರು ಅಕ್ಷರ, ಮೇಲೊಂದು ಕಿರೀಟ. ಅದು ಬೆಲ್ಜಿಯಂನ ಲೀಎಜ್ ಊರಿನ ಪರೀಕ್ಷೆ ಮುದ್ರೆ, ಅಂದ್ರೆ ನಳಿಗೆ ಗುಂಡಿನ ಒತ್ತಡ ತಾಳುತ್ತದೆ ಅಂತ ಪರೀಕ್ಷಿಸಿ ಹೊಡೆದದ್ದು. ಕಿರೀಟ ಸೇರಿಸಿದ್ದು 1893ರಲ್ಲಿ, ಹಾಗಾಗಿ ಕೋವಿ ಅದಕ್ಕಿಂತ ಹಳೆಯದಲ್ಲ. ಕಲ್ಕತ್ತಾದವರು ಮಾರಿದವರು ಅಷ್ಟೇ.

ಚೀನಾ ರೈಫಲ್‌ನಲ್ಲೂ ಇದೇ ಕಥೆ. ಅಮೆರಿಕದಲ್ಲಿ 1968ರ ಕಾನೂನಿನ ಪ್ರಕಾರ, ಹೊರಗಿಂದ ತರಿಸಿದವರು ತಮ್ಮ ಹೆಸರು, ಊರು, ರಾಜ್ಯವನ್ನು ಬಂದೂಕಿನ ಮೇಲೆ ಹೊಡೆಯಲೇಬೇಕು. ನಮ್ಮ ಹುಡುಗ ಓದಿದ್ದು ಅದನ್ನೇ. ಅದನ್ನು ಬಿಟ್ಟು ಉಳಿದದ್ದನ್ನು ನೋಡಿ.

ನೋಡುವ ಮುಂಚೆ ತೋಟಾ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ, ಕಣ್ಣಿಂದಲೂ ಬೆರಳಿಂದಲೂ. ಇದರಲ್ಲಿ ಉದಾಸೀನ ಬೇಡ. ಆಮೇಲೆ ಎಣ್ಣೆ ಬಟ್ಟೆಯಲ್ಲಿ ಒರೆಸಿ, ಟಾರ್ಚನ್ನು ಅಡ್ಡಡ್ಡ ಹಿಡಿಯಿರಿ. ನೇರ ಬೆಳಕಲ್ಲಿ ಕಾಣದ್ದು ನೆರಳಲ್ಲಿ ಎದ್ದು ಬರುತ್ತದೆ. ಅಕ್ಷರ ಮಸುಕಾಗಿದ್ದರೆ ಸ್ವಲ್ಪ ಸೀಮೆಸುಣ್ಣ ತಿಕ್ಕಿ. ಸ್ಯಾಂಡ್ ಪೇಪರ್ ಮಾತ್ರ ಮುಟ್ಟಬೇಡಿ. ನಮ್ಮ ಮಾವ ಒಬ್ಬರು ಮಳೆಗಾಲದ ತುಕ್ಕು ತೆಗೀತೀನಿ ಅಂತ ಕೂತು, ತುಕ್ಕಿನ ಜೊತೆ ಮುದ್ರೆಯನ್ನೂ ತೆಗೆದುಹಾಕಿದರು. ನಂಬರ್ ಅಳಿಸುವುದು ಅಪರಾಧ ಅನ್ನೋದೂ ನೆನಪಿರಲಿ.

ಈಗ ರೈಫಲ್ಲಿನ ಎಡಗಡೆ, ರಿಸೀವರ್ ಮೇಲೆ ನೋಡಿ, ಅಂದ್ರೆ ಬ್ಯಾರಲ್‌ನ ಹಿಂದೆ, ತೋಟಾ ಒಳಗೆ ತಳ್ಳುವ ಬೋಲ್ಟ್ ಓಡಾಡುವ ಲೋಹದ ಭಾಗ. ಚೀನಾದ ಎಸ್‌ಕೆಎಸ್ (ರಷ್ಯಾದ ಒಂದು ಸೈನ್ಯದ ರೈಫಲ್ಲಿನ ನಕಲು) ಆಗಿದ್ದರೆ ಸಾಮಾನ್ಯವಾಗಿ ಒಂದು ತ್ರಿಕೋನ, ಅದರೊಳಗೆ ಅಂಕಿ, ಪಕ್ಕದಲ್ಲಿ ಸೀರಿಯಲ್ ನಂಬರ್ ಇರುತ್ತದೆ. ಆ ಅಂಕಿ ಕಾರ್ಖಾನೆಯ ಗುಟ್ಟಿನ ನಂಬರ್. 26 ಅಂದ್ರೆ ಚೊಂಗ್‌ಚಿಂಗ್‌ನ ಜಿಯಾನ್‌ಶೆ ಕಾರ್ಖಾನೆ, ಜಾಸ್ತಿ ಕಾಣಸಿಗುವುದು ಇದೇ. ತ್ರಿಕೋನ ಕಂಡ ಕೂಡಲೇ ಚೀನಾ ಅಂದುಬಿಡಬೇಡಿ. ಒಳಗೆ ಅಂಕಿಯ ಬದಲು ಬಾಣ ಇದ್ದರೆ ಅದು ರಷ್ಯಾದ ಇಝೆವ್ಸ್ಕ್ ಅಥವಾ ರೊಮೇನಿಯಾದ್ದು. ತ್ರಿಕೋನದ ಬದಲು ನಕ್ಷತ್ರವೇ ಇದ್ದರೆ ರಷ್ಯಾದ ತೂಲಾ ಕಾರ್ಖಾನೆ.

ಹಲವು ರೈಫಲ್‌ಗಳಲ್ಲಿ 56 ಅಂತ ಇದ್ದು ಪಕ್ಕದಲ್ಲಿ ಒಂದು ಚೀನೀ ಅಕ್ಷರ ಇರುತ್ತದೆ. ಅದನ್ನು ‘ಶಿ’ ಅಂತ ಓದುತ್ತಾರೆ, ಮಾದರಿ ಅಂತ ಅರ್ಥ. ಇಲ್ಲಿ ಎಲ್ಲರೂ ಎಡವುತ್ತಾರೆ. 56 ಅನ್ನೋದು ಮಾದರಿಯ ವರ್ಷ, ಅಂದ್ರೆ 1956, ಈ ರೈಫಲ್ ತಯಾರಾದ ವರ್ಷ ಅಲ್ಲ. ಸಾಲದ್ದಕ್ಕೆ ಎಸ್‌ಕೆಎಸ್, ರಷ್ಯಾದ ಎಕೆ-47ರ ನಕಲು, ಒಂದು ಲೈಟ್ ಮೆಷಿನ್ ಗನ್, ಮೂರಕ್ಕೂ ಚೀನಾದವರು ಇಟ್ಟದ್ದು ಅದೇ 56! ನಮ್ಮ ಕಡೆಯ ಹಳೇ ಫೌಜಿಗಳಿಗೆ ಈ 56 ಹೊಸದಲ್ಲ, 1962ರ ಚೀನಾ ಯುದ್ಧದಲ್ಲಿ ಹಳೇ .303 ರೈಫಲ್ ಹಿಡಿದ ನಮ್ಮ ಸೈನಿಕರ ಎದುರು ಇದ್ದದ್ದು ಇದೇ. 53 ಅಂತ ಇದ್ದರೆ ಬೇರೆ ಜಾತಿ, ರಷ್ಯಾದ ಮೊಸಿನ್ ಬೋಲ್ಟ್ ರೈಫಲ್ಲಿನ ನಕಲು.

‘ನೊರಿಂಕೊ’ ಅಂತ ಇಂಗ್ಲಿಷಲ್ಲಿ ಇದ್ದರೆ? ಆ ಕಂಪನಿ ಹುಟ್ಟಿದ್ದು 1980ರಲ್ಲಿ. ಆದರೆ ಸೈನ್ಯದ ಹಳೇ ರೈಫಲ್‌ಗಳನ್ನೂ ರಿಪೇರಿ ಮಾಡಿ, ಆ ಹೆಸರು ಹೊಡೆದು ಹೊರಗೆ ಕಳಿಸಿದ್ದುಂಟು. ಹಾಗಾಗಿ ಅದೂ ಕಲ್ಕತ್ತಾ ಅಂಗಡಿಯ ಹೆಸರಿದ್ದ ಹಾಗೆಯೇ, ಯಾರು ಮಾರಿದರು ಅಂತ ಹೇಳುತ್ತದೆ, ಯಾರು ಯಾವಾಗ ಮಾಡಿದರು ಅಂತ ಹೇಳುವುದಿಲ್ಲ. 1994ರಲ್ಲಿ ಅಮೆರಿಕ ಚೀನಾ ರೈಫಲ್ ತರಿಸುವುದನ್ನು ನಿಲ್ಲಿಸಿತು, ಆದ್ದರಿಂದ ಅಲ್ಲಿ ಸಿಗುವ ಬಹುತೇಕ ಮಾಲು ಅದಕ್ಕೂ ಮೊದಲು ಬಂದದ್ದು.

ಕೊನೆಗೆ ನಂಬರ್ ಹೋಲಿಸಿ. ರಿಸೀವರ್, ಬೋಲ್ಟ್, ಟ್ರಿಗರ್ ಗಾರ್ಡ್, ಮರದ ಹಿಡಿ, ಎಲ್ಲದರ ಮೇಲೂ ಒಂದೇ ನಂಬರ್ ಇದ್ದರೆ ಒಟ್ಟಿಗೆ ಹುಟ್ಟಿದ ರೈಫಲ್. ಬೇರೆ ಬೇರೆ ಇದ್ದರೆ ಅಲ್ಲಲ್ಲಿಂದ ಆರಿಸಿ ಜೋಡಿಸಿದ್ದು, ಸಂಗ್ರಹಕಾರರು ಕಡಿಮೆ ಬೆಲೆ ಕೊಡುತ್ತಾರೆ.

ನಮ್ಮ ಹುಡುಗನದ್ದು ಬೋಲ್ಟ್ ಬೇರೆ ನಂಬರ್. ಹೇಳಿದೆ. ಈಗ ಅಂಗಡಿಯವನ ಹತ್ತಿರ ಚೌಕಾಸಿಗೆ ಹೋಗಿದ್ದಾನಂತೆ.