ದೇವರಾಜ ಮಾರುಕಟ್ಟೆಗೆ ಚಿನ್ನದ ರೇಕು

ಮೈಸೂರು ಶೈಲಿಯ ಚಿತ್ರ ಅಂದ್ರೆ ಲಕ್ಷ್ಮಿ, ಸರಸ್ವತಿ, ರಾಮ ಪಟ್ಟಾಭಿಷೇಕ, ಅಷ್ಟೇ ಅಂದುಕೊಂಡವರೇ ಜಾಸ್ತಿ. ನಾನೂ ಅವನ್ನೇ ಬರೆದು ಸಂಸಾರ ನಡೆಸಿದವನು, ಈಗಲೂ ಆರ್ಡರ್ ಬಂದರೆ ಬೇಡ ಅನ್ನಲ್ಲ. ಆದರೆ ಅದೇ ಕೈಯಲ್ಲಿ ಇವತ್ತಿನ ಊರನ್ನು ಬರೆಯಬಹುದಲ್ವಾ ಅನ್ನಿಸಿದ್ದು ಜಗನ್ಮೋಹನ ಅರಮನೆಯಲ್ಲಿ. ಅಲ್ಲಿಗೆ ಹೋದವರು ರವಿವರ್ಮನ ಚಿತ್ರಗಳನ್ನು, ಹಲ್ದಂಕರರ ದೀಪ ಹಿಡಿದ ಹೆಣ್ಣನ್ನು ನೋಡಿ ಹೊರಟುಬಿಡುತ್ತಾರೆ. ಗೋಡೆ ಮೇಲಿನ ಸಂತಾನಾಂಬುಜದ ಮುಂದೆ ನಿಲ್ಲುವವರು ಕಡಿಮೆ. ಒಡೆಯರ ವಂಶಾವಳಿಯನ್ನು ತಾವರೆಯ ರೂಪದಲ್ಲಿ ಬರೆದಿದ್ದಾರೆ ಅಲ್ಲಿ.

ಆ ತಾವರೆಯನ್ನೇ ಎತ್ತಿಕೊಂಡೆ. ಒಡೆಯರ ಜಾಗದಲ್ಲಿ ಮೈಸೂರಿನ ದೇವರಾಜ ಮಾರುಕಟ್ಟೆಯವರನ್ನು ಕೂರಿಸಿದೆ: ಮಲ್ಲಿಗೆಯವರು, ವೀಳ್ಯದೆಲೆಯವರು, ನಂಜನಗೂಡು ರಸಬಾಳೆಯವರು, ಕುಂಕುಮದ ರಾಶಿ ಹಿಂದಿರುವವರು. 2016ರಲ್ಲಿ ಒಂದು ಭಾಗ ಕುಸಿದ ಮೇಲೆ ಕಟ್ಟಡ ಕೆಡವಬೇಕೋ ಉಳಿಸಬೇಕೋ ಅನ್ನೋ ಜಗ್ಗಾಟದಲ್ಲಿ ಇವರ ಮುಖ ಯಾರಿಗೂ ಕಾಣಲಿಲ್ಲ, ಅದು ನನ್ನ ಸಿಟ್ಟು.

ಕೆಲಸ ಮಾತ್ರ ಹಳೇ ಕ್ರಮದಲ್ಲೇ. ಹಲಗೆಗೆ ಕಾಗದ ಅಂಟಿಸಿ, ರೇಖೆ ಮುಗಿಸಿ, ಆಮೇಲೆ ಗೆಸ್ಸೊ, ಅಂದ್ರೆ ಚಿನ್ನ ಕೂರುವ ಕಡೆ ಉಬ್ಬು ಎಬ್ಬಿಸುವ ಲೇಪ. ಸಫೇದ ಅನ್ನೋ ಬಿಳಿ ಪುಡಿ, ಮಕ್ಕಿ ಅನ್ನೋ ಹಳದಿ ಮರದಂಟು, ಗೋಂದು ಸೇರಿಸಿ ನುಣ್ಣಗೆ ಅರೆಯಬೇಕು. ಹಿಂದೆ ಸೀಸದ ಬಿಳಿ ಹಾಕುತ್ತಿದ್ದರು, ಅದು ವಿಷ. ನಾನು ಸತುವಿನ ಬಿಳಿ ಬಳಸುತ್ತೇನೆ. ಕುಂಚದ ತುದಿಯಲ್ಲಿ ತೆಗೆದುಕೊಂಡು ಚುಕ್ಕಿ ಚುಕ್ಕಿಯಾಗಿ ಎಬ್ಬಿಸಬೇಕು. ತಂಜಾವೂರು ಶೈಲಿಯಷ್ಟು ಉಬ್ಬು ಬೇಡ, ಬೆರಳಾಡಿಸಿದರೆ ತಿಳಿದರೆ ಸಾಕು. ರೇಕು, ಅಂದ್ರೆ ಚಿನ್ನದ ತೆಳು ಹಾಳೆ, ಕೂರಿಸುವಾಗ ಫ್ಯಾನ್ ಹಾಕುವಂತಿಲ್ಲ, ಜೋರಾಗಿ ಉಸಿರೂ ಬಿಡುವಂತಿಲ್ಲ. ಏಪ್ರಿಲ್‌ನಲ್ಲಿ ಈ ಕೆಲಸ ಇಟ್ಟುಕೊಳ್ಳಬೇಡಿ!

ತಲೆ ಕೆಡಿಸಿದ್ದು ಒಂದೇ ವಿಷಯ. ಕಿರೀಟ, ಮೈತುಂಬ ಒಡವೆ, ಪ್ರಭಾವಳಿ ಯಾವುದೂ ಇಲ್ಲದ ಕಡೆ ಚಿನ್ನ ಎಲ್ಲಿಗೆ? ಮಲ್ಲಿಗೆ ಮೊಗ್ಗೊಂದಕ್ಕೆ ಒಂದು ಗೆಸ್ಸೊ ಚುಕ್ಕಿ ಇಟ್ಟಿದ್ದೆ. ಅದಕ್ಕೆ ರೇಕು ಹಚ್ಚಿದರೆ ಮಲ್ಲಿಗೆ ಹೋಗಿ ಸೇವಂತಿಗೆ ಆಗುತ್ತೆ. ಅದನ್ನು ಬೆಳ್ಳಗೇ ಬಿಟ್ಟು, ತಕ್ಕಡಿ ತಟ್ಟೆಗೆ, ತೂಕದ ಬಟ್ಟಿಗೆ, ಹೂವಿನಮ್ಮನ ಮೂಗುಬಟ್ಟಿಗೆ ಹಚ್ಚಿದೆ.

ಇಲ್ಲಿನ ಕಲಾ ಕಾಲೇಜು ಕಾವಾದಲ್ಲಿ ಓದಿದ ಗೆಳೆಯರು ಇವತ್ತಿನ ಚಿತ್ರಕ್ಕೆ ಚಿನ್ನ ಯಾಕೆ ಅಂದರು. ಸಂಪ್ರದಾಯದವರು ದೇವರಿಲ್ಲದ ಚಿತ್ರಕ್ಕೆ ಚಿನ್ನ ಯಾಕೆ ಅಂದರು. ಇಬ್ಬರಿಗೂ ಸುಮ್ನೆ ನಕ್ಕೆ. ಮಾರುಕಟ್ಟೆಯವರ ತಕರಾರೇ ಬೇರೆ. "ಅಲ್ಲಾ ಸ್ವಾಮಿ, ಬಾಳೆಹಣ್ಣಿನವನು ಮೇಲಿನ ದಳದಲ್ಲಿ, ನಾನ್ಯಾಕೆ ಕೆಳಗೆ?" ಅಂತ ಎಲೆ ಮಾರುವ ಅಜ್ಜ ಕೇಳಿದರು. ಇದಕ್ಕೆ ಮಾತ್ರ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಬರೆಯುತ್ತಿರುವ ಚಿತ್ರದಲ್ಲಿ ದಳಗಳೆಲ್ಲ ಒಂದೇ ಸುತ್ತು.