ದೀಪಾವಳಿಯ ಸಂಜೆಗೆ ಎಣ್ಣೆ ಕಡಿಮೆ ಬೇಡುವ ತಿಂಡಿಗಳು

ದೀಪಾವಳಿಗೆ ಬಂಧುಗಳೆಲ್ಲ ಸೇರುವ ಮನೆಯಲ್ಲಿ ಚಕ್ಕುಲಿ, ಕೋಡುಬಳೆಗಳನ್ನು ಪೂರ್ತಿಯಾಗಿ ಕೈಬಿಡುವುದು ಸಾಧ್ಯವೂ ಅಲ್ಲ, ಅಗತ್ಯವೂ ಅಲ್ಲ. ಕರಿದದ್ದು ಒಂದೇ ಬಗೆಯಿರಲಿ, ಉಳಿದವು ಹಬೆಯಲ್ಲಿ ಬೆಂದವೋ ಹುರಿದವೋ ಆಗಿರಲಿ. ನನ್ನ ಮೊದಲ ಆಯ್ಕೆ ನುಚ್ಚಿನುಂಡೆ. ತೊಗರಿಬೇಳೆಯನ್ನು ಎರಡು ಮೂರು ಗಂಟೆ ನೆನೆಸಿ, ನೀರನ್ನು ಸಂಪೂರ್ಣವಾಗಿ ಬಸಿದು, ಹಸಿಮೆಣಸಿನಕಾಯಿ ಮತ್ತು ಶುಂಠಿಯೊಡನೆ ತರಿತರಿಯಾಗಿ ರುಬ್ಬಬೇಕು. ನುಣ್ಣಗಾದರೆ ಉಂಡೆ ಗಟ್ಟಿಯಾಗುತ್ತದೆ. ಇದಕ್ಕೆ ಸಣ್ಣಗೆ ಹೆಚ್ಚಿದ ಸಬ್ಬಸಿಗೆ ಸೊಪ್ಪು, ತೆಂಗಿನತುರಿ, ಉಪ್ಪು ಬೆರೆಸಿ, ಮಕ್ಕಳ ಕೈಗೆ ಹಿಡಿಸುವಷ್ಟು ಚಿಕ್ಕ ಉಂಡೆಗಳನ್ನು ಕಟ್ಟಿ, ಇಡ್ಲಿ ಪಾತ್ರೆಯಲ್ಲಿ ಸುಮಾರು 15 ನಿಮಿಷ ಬೇಯಿಸಿದರೆ ಸಾಕು.

ಹೆಸರುಬೇಳೆ ಕೋಸಂಬರಿಯನ್ನು ಮುಂಚಿತವಾಗಿ ಸಿದ್ಧಪಡಿಸಿದರೂ, ಸೌತೆಕಾಯಿ ನೀರು ಬಿಡುವುದರಿಂದ ಉಪ್ಪು, ನಿಂಬೆರಸಗಳನ್ನು ಬಡಿಸುವ ಮುನ್ನವಷ್ಟೇ ಬೆರೆಸಬೇಕು. ತೆಳು ಅವಲಕ್ಕಿಯನ್ನು ಕರಿಯದೆ, ಸಣ್ಣ ಉರಿಯಲ್ಲಿ ಗರಿಗರಿಯಾಗಿ ಹುರಿದು, ಎರಡು ಚಮಚ ಎಣ್ಣೆಯ ಒಗ್ಗರಣೆಯಲ್ಲಿ ಕಡಲೆಕಾಯಿ ಬೀಜ, ಹುರಿಗಡಲೆ, ಕರಿಬೇವಿನೊಡನೆ ಕಲಸಬಹುದು. ಸಿಹಿಗೆ ಎಳ್ಳುಂಡೆ ಚೆನ್ನ. ಆದರೆ ಬೆಲ್ಲ ಹಾಕಿದ ಮಾತ್ರಕ್ಕೆ ಮಧುಮೇಹವಿರುವ ಹಿರಿಯರು ಧಾರಾಳವಾಗಿ ತಿನ್ನಬಹುದೆಂಬ (ನಮ್ಮಲ್ಲಿ ಬಲವಾಗಿ ಬೇರೂರಿರುವ) ನಂಬಿಕೆ ಸರಿಯಲ್ಲ. ಅವರ ತಟ್ಟೆಯಲ್ಲಿ ಸೀಬೆ ಹೋಳುಗಳನ್ನೂ ಹುರಿದ ಕಡಲೆಕಾಯಿ ಬೀಜವನ್ನೂ ಇಡುವುದು ಮೇಲು.