ಫೋರ್ಟ್ರಾನ್: ‘ಅಲೊಕೇಟ್’ ಸಾಲಿಗೆ ಕಂಪೈಲರ್ ತಕರಾರು ತೆಗೆದರೆ

ಆಲಮಟ್ಟಿ, ಹಿಡಕಲ್, ನವಿಲುತೀರ್ಥ ಜಲಾಶಯಗಳ ದಿನದ ನೀರಿನ ಮಟ್ಟವನ್ನು ಓದಿ ಲೆಕ್ಕ ಹಾಕುವ ಪ್ರೋಗ್ರಾಂ ಬರೆಯುತ್ತಿದ್ದೀರಿ ಎನ್ನಿ. ಎಷ್ಟು ವರ್ಷಗಳ ಅಂಕಿ ಬರುತ್ತದೋ ಮೊದಲೇ ಗೊತ್ತಿರುವುದಿಲ್ಲ. ಆದ್ದರಿಂದ ಪ್ರೋಗ್ರಾಂ ಓಡುವಾಗಲೇ ಅರೇಗೆ (ಒಂದೇ ಬಗೆಯ ಅಂಕಿಗಳ ಪಟ್ಟಿಗೆ) ಮೆಮೊರಿ ಪಡೆಯಬೇಕು. ಫೋರ್ಟ್ರಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಆ ಕೆಲಸ ಮಾಡುವುದೇ ಅಲೊಕೇಟ್ (allocate) ಸಾಲು. ಬಾಗಲಕೋಟೆ, ಬೆಳಗಾವಿಯ ಸಿವಿಲ್ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಲ್ಲಿ ಬರುವಂಥದ್ದೇ ಕೆಲಸ.

ಪ್ರೋಗ್ರಾಮನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರ್ ಎರರ್‌ಗಳ ಸಾಲನ್ನೇ ತೋರಿಸಿದರೆ ಮೊದಲನೆಯದನ್ನಷ್ಟೇ ಓದಿ, ಸರಿಪಡಿಸಿ, ಮತ್ತೆ ಕಂಪೈಲ್ ಮಾಡಿ. ಕೆಳಗಿನವು ಬಹುಪಾಲು ಅದರ ಬಾಲಗಳು.

ಮುಂದೆ, ಅರೇಯ ಹೆಸರು, ಬಗೆ ಹೇಳುವ ಘೋಷಣೆಯ ಸಾಲು ನೋಡಿ. ಅಲೊಕೇಟೆಬಲ್ (allocatable) ಎಂದು ಬರೆದ ಮೇಲೆ ಆವರಣದಲ್ಲಿ 365 ಎಂದು ಗಾತ್ರ ಕೊಡುವಂತಿಲ್ಲ, ಬರೀ ಕೋಲನ್ ಇರಬೇಕು. ಎರಡು ಆಯಾಮಕ್ಕೆ ಎರಡು ಕೋಲನ್. ಗಾತ್ರ ಬರುವುದು ಅಲೊಕೇಟ್ ಸಾಲಿನಲ್ಲಿ: ಮಟ್ಟ(3, 365). ಅಲೊಕೇಟೆಬಲ್ ಪದವನ್ನೇ ಮರೆತಿದ್ದರೆ, ‘ಇದು ಪಾಯಿಂಟರೂ ಅಲ್ಲ, ಅಲೊಕೇಟೆಬಲ್ಲೂ ಅಲ್ಲ’ ಎಂಬ ಅರ್ಥದ ದೂರನ್ನು ಜಿಫೋರ್ಟ್ರಾನ್ (gfortran) ಕಂಪೈಲರ್ ಅಲೊಕೇಟ್ ಸಾಲಿನ ಮೇಲೆ ಹಾಕುತ್ತದೆ. ತಪ್ಪು ಮಾತ್ರ ಮೇಲೆ, ಘೋಷಣೆಯಲ್ಲಿದೆ.

ಹೆಚ್ಚು ತಲೆ ಕೆಡಿಸುವುದು ಸಬ್‌ರೂಟೀನ್, ಅಂದರೆ ಹೆಸರಿಟ್ಟು ಕರೆಯುವ ಪ್ರತ್ಯೇಕ ಕೋಡ್ ತುಂಡು. ಅದು ಪಡೆಯುವ ಆರ್ಗ್ಯುಮೆಂಟ್ ಅಲೊಕೇಟೆಬಲ್ ಆಗಿದ್ದರೆ, ಕರೆಯುವ ಕಡೆಗೆ ಸಬ್‌ರೂಟೀನಿನ ಇಂಟರ್‌ಫೇಸ್ (ಆರ್ಗ್ಯುಮೆಂಟುಗಳ ವಿವರ) ಸ್ಪಷ್ಟವಾಗಿ ಕಾಣಬೇಕು. ಕೈಯಿಂದ ಇಂಟರ್‌ಫೇಸ್ ಬ್ಲಾಕ್ ಬರೆಯುವ ಗೋಜಿಗೆ ಹೋಗಬೇಡಿ. ಸಬ್‌ರೂಟೀನನ್ನು ಮಾಡ್ಯೂಲಿನೊಳಗೆ ಕಂಟೇನ್ಸ್ (contains) ಕೆಳಗೆ ಹಾಕಿ, ಮುಖ್ಯ ಪ್ರೋಗ್ರಾಮಿನಲ್ಲಿ ಆ ಮಾಡ್ಯೂಲನ್ನು ಯೂಸ್ (use) ಮಾಡಿ. ಕಳಿಸುವ ಅರೇಯೂ ಅಲೊಕೇಟೆಬಲ್ ಆಗಿರಬೇಕು, ಟೈಪ್, ಕೈಂಡ್ (ಅಂಕಿಯ ಬಗೆ, ಅದರ ಗಾತ್ರ), ಆಯಾಮಗಳ ಸಂಖ್ಯೆ ಎರಡೂ ಕಡೆ ಒಂದೇ ಆಗಿರಬೇಕು. ಇನ್ನೊಂದು ಬಲೆ: ಅಂಥ ಆರ್ಗ್ಯುಮೆಂಟಿಗೆ ಇಂಟೆಂಟ್ ಔಟ್ (intent(out)) ಕೊಟ್ಟರೆ ಸಬ್‌ರೂಟೀನ್ ಒಳಹೊಕ್ಕ ಕೂಡಲೇ ಅರೇ ತಾನಾಗಿ ಡಿಅಲೊಕೇಟ್ ಆಗುತ್ತದೆ, ಅಂದರೆ ಪಡೆದ ಮೆಮೊರಿ ಬಿಟ್ಟುಕೊಡುತ್ತದೆ. ಓದಿಟ್ಟ ಅಂಕಿಯೆಲ್ಲ ಹೋಯಿತು! ಕಂಪೈಲರ್ ತುಟಿ ಬಿಚ್ಚುವುದಿಲ್ಲ, ಏಕೆಂದರೆ ಭಾಷೆಯ ನಿಯಮವೇ ಹಾಗಿದೆ. ಹಳೆಯ ಅಂಕಿ ಬೇಕಿದ್ದರೆ ಇನ್‌ಔಟ್ (inout) ಬರೆಯಿರಿ.

ಕಂಪೈಲ್ ಆದ ಮೇಲೂ ಪರೀಕ್ಷೆ ಮುಗಿಯದು. ಓಡುವಾಗಿನ ತಪ್ಪು ಹಿಡಿಯಲು -g, -fcheck=all, -fbacktrace ಆಯ್ಕೆಗಳನ್ನು ಹಾಕಿ ಮತ್ತೆ ಕಂಪೈಲ್ ಮಾಡಿ ಓಡಿಸಿ. ಲೂಪಿನೊಳಗೆ ಅಲೊಕೇಟ್ ಇದ್ದರೆ ಎರಡನೇ ಸುತ್ತಿನಲ್ಲಿ ‘ಈಗಾಗಲೇ ಅಲೊಕೇಟ್ ಆಗಿದೆ’ ಎಂದು ನಿಲ್ಲುತ್ತದೆ. ಅಲೊಕೇಟೆಡ್ (allocated) ಫಂಕ್ಷನ್‌ನಿಂದ ಕೇಳಿ, ಆಗಿದ್ದರೆ ಮೊದಲು ಡಿಅಲೊಕೇಟ್ ಮಾಡಿ. ಅಲೊಕೇಟ್ ಸಾಲಿಗೆ ಫಲಿತಾಂಶದ ಅಂಕಿ ಕೊಡುವ ಸ್ಟ್ಯಾಟ್ (stat), ತಪ್ಪಿನ ವಿವರ ಕೊಡುವ ಎರ್‌ಎಂಎಸ್‌ಜಿ (errmsg) ಎರಡನ್ನೂ ಸೇರಿಸಿ. ಸ್ಟ್ಯಾಟ್ ಸೊನ್ನೆಯಲ್ಲದಿದ್ದರೆ ಜಾಗ ಸಿಕ್ಕಿಲ್ಲ. ಸ್ಟ್ಯಾಟ್ ಹಾಕಿ ಅದನ್ನು ನೋಡದೇ ಬಿಡುವುದು ಹಾಕದಿರುವುದಕ್ಕಿಂತ ಕೆಟ್ಟದ್ದು: ಪ್ರೋಗ್ರಾಂ ನಿಲ್ಲದೆ ಮುಂದೆ ಹೋಗಿ ಬೇರೆಲ್ಲೋ ಬೀಳುತ್ತದೆ.

ಗಾತ್ರವನ್ನೂ ಲೆಕ್ಕ ಹಾಕಿ. 8 ಬೈಟಿನ ರಿಯಲ್ (ದಶಮಾಂಶ ಸಂಖ್ಯೆ), 20,000 x 20,000 ಅರೇ ಎಂದರೆ 320 ಕೋಟಿ ಬೈಟ್, ಅಂದರೆ 3.2 ಜಿಬಿ. 50,000 x 50,000 ಅಂಶಗಳನ್ನು ಒಂದೇ ಆಯಾಮದಲ್ಲಿಡಲು ಆ ಗುಣಲಬ್ಧವನ್ನು ಮಾಮೂಲು 32 ಬಿಟ್ ಇಂಟಿಜರ್‌ನಲ್ಲಿ ಲೆಕ್ಕ ಹಾಕಿದರೆ ಅದು 2,14,74,83,647ರ ಮಿತಿ ದಾಟಿ ಋಣಸಂಖ್ಯೆಯಾಗಬಹುದು. ಆಗ ಎರರ್ ಇಲ್ಲದೆ ಸೊನ್ನೆ ಗಾತ್ರದ ಅರೇ ಕೈಗೆ ಬರುತ್ತದೆ. ಆ ಲೆಕ್ಕಕ್ಕೆ 64 ಬಿಟ್ ಇಂಟಿಜರ್ ಆದ ಐಎನ್‌ಟಿ64 (int64) ಬಳಸಿ. ಲಿನಕ್ಸ್‌ನಲ್ಲಿ ಸ್ಟ್ಯಾಟ್ ಸೊನ್ನೆ ಬಂದರೂ ಮೆಮೊರಿ ನಿಜಕ್ಕೂ ಸಿಗುವುದು ಅರೇಯಲ್ಲಿ ಬರೆಯತೊಡಗಿದಾಗ. ರ್‍ಯಾಮ್ ಸಾಲದಿದ್ದರೆ ಪ್ರೋಗ್ರಾಂ ‘ಕಿಲ್ಡ್’ ಎಂದಷ್ಟೇ ಹೇಳಿ ಸಾಯುತ್ತದೆ.